ಜಗಲಿ ಏರಿದ ಪಟ

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರುಗಳಲ್ಲಿ ದೇವರ ಜಗಲಿಯ ಮೇಲಿನ ಲಕ್ಷ್ಮಿಯ ಪಟಕ್ಕೂ ‘ಫೋಟೋ’ ಎಂದೇ ಹೆಸರು. ಯಾವ ಕ್ಯಾಮೆರಾವೂ ಆ ತಾಯಿಯನ್ನು ಕಂಡಿಲ್ಲ. ಆದರೂ ಹೆಸರು ಒಪ್ಪುತ್ತದೆ. ಸೀರೆಯ ನಿರಿಗೆಗಳಲ್ಲಿ ನೆರಳು, ತೋಳಿನಲ್ಲಿ ಮೈದುಂಬಿದ ದುಂಡು, ಬೆನ್ನ ಹಿಂದೆ ದೂರ ಸರಿದಂತೆ ಮಸುಕಾಗುವ ಕೊಳ. ಎದುರು ನಿಂತವಳನ್ನು ನೋಡಿಯೇ ಬರೆದಂತಿದೆ. ಈ ಕೈಚಳಕ ಯುರೋಪಿನ ತೈಲಚಿತ್ರಗಳದ್ದು. ಹಾಗಾದರೆ ಅಲ್ಲಿ ಕೈಮುಗಿಯುವುದು ದೇವರಿಗೋ, ಪರದೇಶದ ಚಿತ್ರಕ್ಕೋ?

ಈ ರೂಪವನ್ನು ಮನೆಮನೆಗೆ ಮುಟ್ಟಿಸಿದವನು ಕೇರಳದ ಕಿಳಿಮಾನೂರಿನ ರಾಜಾ ರವಿವರ್ಮ (1848–1906). 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಯಂತ್ರ ಜರ್ಮನಿಯದು, ನಡೆಸಲು ಬಂದ ತಂತ್ರಜ್ಞರೂ ಅಲ್ಲಿಯವರೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಗುಡಿಯ ಹೊಸ್ತಿಲು ದಾಟಲು ಅವಕಾಶವಿಲ್ಲದ ಜನರ ಮನೆಗೂ ಹೀಗೆ ದೇವರು ಬಂದ. ಇದು ಸಣ್ಣ ಮಾತಲ್ಲ. ಮುಂದೆ ಕಲಬುರಗಿಯ ಎಸ್.ಎಂ. ಪಂಡಿತರು ಇದೇ ಹಾದಿಯಲ್ಲಿ ಕ್ಯಾಲೆಂಡರಿನ ದೇವತೆಗಳನ್ನು ಬರೆದರು.

ಆನಂದ ಕುಮಾರಸ್ವಾಮಿಯವರಂಥ ವಿಮರ್ಶಕರಿಗೆ ರವಿವರ್ಮನ ದೇವತೆಗಳು ನಾಟಕದ ಪಾತ್ರಗಳಂತೆ ಕಂಡವು. ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದು ಚಿತ್ರದ ಬಳಿಯೇ ನಿಂತುಬಿಟ್ಟಿತು. ಎರವಲು ತಂದದ್ದು ಪರಕೀಯವಾಗಿಯೇ ಉಳಿಯಬೇಕಿಲ್ಲ. ಜಪಾನಿನ ಚಿತ್ರಕಾರ ಹೊಕುಸಾಯ್ 1831ರ ಸುಮಾರಿಗೆ ಮರದಚ್ಚಿನಲ್ಲಿ ಮೂಡಿಸಿದ ಹೆದ್ದೆರೆಗೆ ಯುರೋಪಿನ ಪ್ರಷ್ಯನ್ ನೀಲಿ ಬಳಸಿದ. ಆ ತೆರೆ ಇಂದಿಗೂ ಜಪಾನಿನದೇ.

ಜಗಲಿಯ ಹತ್ತಿರ ಹೋಗಿ ನೋಡಬೇಕು. ಗಾಜಿನ ಮೇಲೆ, ಸರಿಯಾಗಿ ಹಣೆಯಿರುವಲ್ಲಿ, ಶುಕ್ರವಾರಗಳ ಕುಂಕುಮ ಪದರುಗಟ್ಟಿದೆ. ದೀಪದ ಕಾಡಿಗೆ ಕಟ್ಟಿನ ಅಂಚಿಗೆ ಹತ್ತಿದೆ. ಚಿತ್ರಕಾರ ಕಷ್ಟಪಟ್ಟು ತಂದ ದೂರ, ಆಳ ಎಲ್ಲವೂ ಆ ಕೆಂಪಿನ ಹಿಂದೆ ಮರೆಯಾಗಿವೆ. ಕೊಳದಾಚೆ ಹೊರಟ ಕಣ್ಣನ್ನು ಒಂದು ಬೊಟ್ಟು ಹಿಡಿದು ನಿಲ್ಲಿಸುತ್ತದೆ. ಪಟ ದೇವರಾಗುವುದು ಅಚ್ಚಿನ ಮನೆಯಲ್ಲಲ್ಲ, ಈ ಬೆರಳಿನಲ್ಲಿ. ಸಂಪ್ರದಾಯ ಉಳಿದಿರುವುದೂ ಇಲ್ಲಿಯೇ.

ಲಿಂಗಾಯತರ ಮನೆಯಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಅಂಗೈ ಮೇಲಿನ ಇಷ್ಟಲಿಂಗಕ್ಕೆ ಮುಖವಿಲ್ಲ, ನೆರಳಿಲ್ಲ. ಶರಣರ ಪೂಜೆಗೆ ಪಟ ಬೇಕಿಲ್ಲ. ಆದರೂ ಗೋಡೆಯ ಮೇಲೆ ಬಸವಣ್ಣನವರ ಪಟಕ್ಕೆ ಹಾರ ಬೀಳುತ್ತದೆ. ಹನ್ನೆರಡನೇ ಶತಮಾನದ ಆ ಮುಖವನ್ನು ಇಂದಿನವರು ಯಾರೂ ಕಂಡಿಲ್ಲ. ಪಟ ನೆನೆಯಲಿಕ್ಕೆ, ಲಿಂಗ ಪೂಜೆಗೆ ಎಂಬ ಅಂತರ ಬೆಳಿಗ್ಗೆ ಲಿಂಗಪೂಜೆಗೆ ಕೂಡುವ ಅಜ್ಜಿಗೆ ಚೆನ್ನಾಗಿ ಗೊತ್ತು.

ಗಾಜು ಒಡೆದ ಪಟವನ್ನು ಮಾತ್ರ ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಹಳ್ಳದ ನೀರಿಗೆ ಬಿಡುತ್ತಾರೆ, ಇಲ್ಲವೇ ಗಿಡದ ಬುಡಕ್ಕೆ ಒರಗಿಸಿ, ಕೈಮುಗಿದು ಬರುತ್ತಾರೆ.