ಚೀಲದಲ್ಲಿ ಎರಡು ತೂಕದ ಕಲ್ಲು

ಇವತ್ತಿನ ವಾಕ್ಯಭಾಗ ಧರ್ಮೋಪದೇಶಕಾಂಡ 25ನೇ ಅಧ್ಯಾಯ, 13ರಿಂದ 16ನೇ ವಚನ. ಬೈಬಲ್ ತೆರೆಯಿರಿ, ಮೊಬೈಲ್‌ನಲ್ಲಾದರೂ ಪರವಾಗಿಲ್ಲ. ಒಂದೇ ಚೀಲದಲ್ಲಿ ಒಂದು ದೊಡ್ಡ ಕಲ್ಲು, ಒಂದು ಚಿಕ್ಕ ಕಲ್ಲು ಇಟ್ಟುಕೊಂಡು ವ್ಯಾಪಾರ ಮಾಡುವವನನ್ನು ದೇವರು ಹೇಸುತ್ತಾರೆ ಅನ್ನೋದು ಅಲ್ಲಿರುವ ಮಾತು. ಎರಡು ಕಲ್ಲು ಯಾಕೆ? ಕೊಂಡುಕೊಳ್ಳುವಾಗ ದೊಡ್ಡದು, ಮಾರುವಾಗ ಚಿಕ್ಕದು.

"ಪಾಸ್ಟರ್, ನಮ್ಮ ಮನೇಲಿ ತಕ್ಕಡಿನೇ ಇಲ್ಲ" ಅಂತೀರಿ. ಸರಿ, ಮಕ್ಕಳಿಗೆ ದುಡ್ಡು ಎಣಿಸೋದು ಹೇಗೆ ಕಲಿಸ್ತೀವಿ ನೋಡೋಣ. ಕೈಗೆ ನೂರು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸ್ತೀವಿ. ಬಾಗಿಲು ದಾಟೋ ಮುಂಚೆ ಒಂದು ಮಾತು: "ಚಿಲ್ಲರೆ ಎಣಿಸ್ಕೊಂಡು ಬಾ, ಮೋಸ ಮಾಡ್ಬಿಡ್ತಾರೆ." ಹತ್ತು ರೂಪಾಯಿ ಕಮ್ಮಿ ಬಂದ್ರೆ ಆಗಲೇ ಚಪ್ಪಲಿ ಹಾಕ್ಕೊಂಡು ಹೊರಡ್ತೀವಿ. ಹತ್ತು ರೂಪಾಯಿ ಜಾಸ್ತಿ ಬಂದ್ರೆ? "ಇರಲಿ ಬಿಡು, ನಾಳೆ ಆ ಕಡೆ ಹೋದಾಗ ನೋಡೋಣ." ಮಗು ಇದನ್ನೆಲ್ಲ ನೋಡ್ತಾ ನಿಂತಿರುತ್ತೆ. ಕಳೆಯೋ ಲೆಕ್ಕ ಕಲಿತಿತೋ ಇಲ್ಲವೋ, ಚೀಲದಲ್ಲಿ ಎರಡು ಕಲ್ಲು ಇಟ್ಟುಕೊಳ್ಳೋದನ್ನ ಮಾತ್ರ ಅವತ್ತೇ ಕಲಿತಾಯ್ತು.

ಬಿಎಂಟಿಸಿ ಬಸ್ಸಲ್ಲಿ ಚಿಲ್ಲರೆ ಇಲ್ಲದಿದ್ರೆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡ್ತಾರಲ್ಲ, ಆ ಚೀಟಿಯನ್ನ ಎಷ್ಟು ಜೋಪಾನವಾಗಿ ಹಿಡ್ಕೊಂಡಿರ್ತೀವಿ! ನಾವು ಕೊಡಬೇಕಾದ ಬಾಕಿಯನ್ನ ಯಾವ ಚೀಟಿ ಹಿಂದೆ ಬರೆದಿಟ್ಟಿದ್ದೀವಿ?

ಇನ್ನು ಕೆಲವರು ಜಾಸ್ತಿ ಬಂದ ದುಡ್ಡನ್ನ ಆಶೀರ್ವಾದ ಅಂತ ಸಾಕ್ಷಿ ಹೇಳ್ತಾರೆ. ದಯವಿಟ್ಟು ಆ ಸಾಕ್ಷಿ ಹೇಳಬೇಡಿ. ನಿನ್ನ ಜೇಬು ತುಂಬಿಸೋಕೆ ದೇವರು ಕೌಂಟರ್‌ನಲ್ಲಿ ಕೂತ ಹುಡುಗನ ಜೇಬಿಗೆ ಕೈ ಹಾಕುವವರಲ್ಲ. ರಾತ್ರಿ ಗಲ್ಲಾ ಲೆಕ್ಕ ಕೂಡದೇ ಇದ್ರೆ ಎಷ್ಟೋ ಅಂಗಡಿಗಳಲ್ಲಿ ಅವನ ಸಂಬಳದಿಂದಲೇ ಅದು ಹೋಗುತ್ತೆ.

"ನಾನೇನು ಕದ್ದೆನಾ? ಅವನೇ ಕೊಟ್ಟ." ಈ ವಾದವನ್ನ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಕೇಳೋಕೆ ಸರಿ ಅನ್ಸುತ್ತೆ. ಕೊಡೋದಕ್ಕೆ ಮನಸ್ಸು ಬೇಕು. ಅವನು ನಿನಗೆ ಸೇರಬೇಕಾದದ್ದನ್ನ ಹಿಂದಿರುಗಿಸೋಕೆ ಹೊರಟಿದ್ದ. ಕೈ ತಪ್ಪಿತು, ಅಷ್ಟೇ. ಕೈ ಕೊಟ್ಟಿತು, ಅವನು ಕೊಡಲಿಲ್ಲ. ಎಣಿಸುವ ತನಕ ನೀನು ನಿರಪರಾಧಿ, ಒಪ್ಪುತ್ತೇನೆ. ಎಣಿಸಿದ ಮೇಲೆ ನಿನಗೆ ಗೊತ್ತು. ಗೊತ್ತಿದ್ದೂ ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರಿಲ್ಲ. ಹಾಗಂತ ಎಣಿಸದೇ ಜೇಬಿಗೆ ಹಾಕ್ಕೊಂಡು ಮುಗ್ಧರಾಗೋಣ ಅಂದುಕೊಳ್ಳುವವರೂ ಇದ್ದಾರೆ. ಕಮ್ಮಿ ಬಂದಿರಬಹುದು ಅನ್ನೋ ಅನುಮಾನ ಇದ್ದಿದ್ರೆ ಅವರು ಎಣಿಸದೇ ಬಿಡ್ತಿದ್ರಾ?

ರಸ್ತೆ ಬದಿ ಸೊಪ್ಪು ಮಾರೋ ಅಜ್ಜಿಯನ್ನ ಯೋಚಿಸಿ. 20ರ ನೋಟು ಹಸಿರು ಬೆರೆತ ಹಳದಿ, 200ರ ನೋಟು ಗಾಢ ಹಳದಿ. ಒಂದರ ಉದ್ದ 129 ಮಿಲಿಮೀಟರ್, ಇನ್ನೊಂದರದು 146. ಬೀದಿದೀಪದ ಬೆಳಕಲ್ಲಿ, ಕಣ್ಣು ಮಂಜಾದವರಿಗೆ, ಮಡಚಿದ ನೋಟು ಸಿಕ್ಕರೆ ಯಾವುದು ಯಾವುದೋ. ಆ ಹೊತ್ತಲ್ಲಿ ಅಜ್ಜಿಗಿರುವ ತಕ್ಕಡಿ ನಿನ್ನ ಮನಸ್ಸಾಕ್ಷಿ ಒಂದೇ.

ಮಕ್ಕಳಿಗೆ ಚಿಲ್ಲರೆ ಕೊಡೋದನ್ನ ಕಲಿಸಿ, ತಗೊಳ್ಳೋದನ್ನ ಮಾತ್ರ ಅಲ್ಲ. ಹಳೇ ಅಂಗಡಿಯವರು ನೂರರಲ್ಲಿ ಅರವತ್ನಾಲ್ಕು ಕಳೀತಾ ಕೂರಲ್ಲ, ಬೆಲೆಯಿಂದ ಮೇಲಕ್ಕೆ ಕೂಡಿಸ್ತಾ ಹೋಗ್ತಾರೆ. ಒಂದು ರೂಪಾಯಿ ಇಟ್ಟು "ಅರವತ್ತೈದು", ಐದು ಇಟ್ಟು "ಎಪ್ಪತ್ತು", ಹತ್ತು ಇಟ್ಟು "ಎಂಬತ್ತು", ಇಪ್ಪತ್ತು ಇಟ್ಟು "ನೂರು". ಜೋರಾಗಿ, ಎದುರಿನವರ ಅಂಗೈಯಲ್ಲೇ. ಇಬ್ಬರ ಕಣ್ಣೂ ಒಂದೇ ಲೆಕ್ಕದ ಮೇಲೆ. ನನಗೆ ಈ ಪದ್ಧತಿ ಬಹಳ ಇಷ್ಟ. ಮನೆಯಲ್ಲಿ ಮಗುವನ್ನ ಅಂಗಡಿಯವನ ಜಾಗದಲ್ಲಿ ಕೂರಿಸಿ ಆಡಿಸಿ. ಆಮೇಲೆ ಪಾತ್ರ ಬದಲಿಸಿ, ನೀವು ಬೇಕಂತಲೇ ಐದು ರೂಪಾಯಿ ಜಾಸ್ತಿ ಕೊಡಿ. ಮಗು ಏನು ಮಾಡುತ್ತೆ ನೋಡಿ.

"ಈಗ ಎಲ್ಲ ಸ್ಕ್ಯಾನ್ ಅಲ್ವಾ?" ಹೌದು, 2016ರಲ್ಲಿ ಯುಪಿಐ ಬಂತು, ಚಿಲ್ಲರೆ ಜಗಳ ಕಮ್ಮಿಯಾಯ್ತು. ಕಲ್ಲುಗಳು ಎಲ್ಲಿ ಹೋದವು? ಊಟ ತರಿಸಿ, ತಿಂದು, ಒಂದು ಐಟಂ ಬಂದಿಲ್ಲ ಅಂತ ಆ್ಯಪ್‌ನಲ್ಲಿ ರೀಫಂಡ್ ಕೇಳುವವರು ನಮ್ಮ ಪಿಜಿಗಳಲ್ಲಿಲ್ಲವೇ? ದೊಡ್ಡ ಕಂಪನಿ, ಯಾರಿಗೂ ನಷ್ಟ ಇಲ್ಲ ಅಂತೀರಿ. ಮೋಶೆ ಗಿರಾಕಿಯ ಅಂತಸ್ತು ಕೇಳಲಿಲ್ಲ, ಚೀಲದೊಳಗೆ ಏನಿದೆ ಅಂತ ಕೇಳಿದ.

ಒಬ್ಬ ತಂಗಿ ಹೀಗೆ ಕೇಳಬಹುದು: ಪ್ರೀತಿ ಲೆಕ್ಕ ಇಡೋದಿಲ್ಲ ಅಲ್ವಾ, ಮಕ್ಕಳನ್ನ ಯಾಕೆ ಇಷ್ಟು ಲೆಕ್ಕದವರನ್ನಾಗಿ ಮಾಡಬೇಕು? ಒಳ್ಳೇ ಪ್ರಶ್ನೆ. ಆದರೆ ಮಾರ್ಕ 12ರಲ್ಲಿ ಬಡ ವಿಧವೆಯ ಕಾಣಿಕೆಯನ್ನ ಸುವಾರ್ತಿಕನು ಎಣಿಸಿದ್ದಾನೆ: ಎರಡು ಲೆಪ್ಟ, ಸೇರಿದರೆ ರೋಮಿನವರ ಒಂದು ಕ್ವಾಡ್ರನ್ಸ್. ಎಣಿಸಿದ್ದರಿಂದಲೇ ಅವಳು ಏನು ಕೊಟ್ಟಳು ಅಂತ ನಮಗೆ ಗೊತ್ತು. ಜಕ್ಕಾಯನಿಗೂ ರಕ್ಷಣೆ ಬಂದ ದಿನ ಬಾಯಲ್ಲಿ ಬಂದದ್ದು ಲೆಕ್ಕವೇ, ಆಸ್ತಿಯಲ್ಲಿ ಅರ್ಧ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು. ಯಾರ ಹತ್ರ ಎಷ್ಟು ಕಿತ್ತೆ ಅಂತ ಗೊತ್ತಿಲ್ಲದವನು ನಾಲ್ಕರಷ್ಟು ಹೇಗೆ ಕೊಡ್ತಾನೆ? ನನಗೆ ಬರಬೇಕಾದದ್ದನ್ನ ನಾನು ಬಿಟ್ಟುಬಿಡಬಹುದು, ಅದು ಪ್ರೀತಿ. ಅವನಿಗೆ ಸೇರಬೇಕಾದದ್ದನ್ನ ಬಿಟ್ಟುಕೊಡೋಕೆ ನಾನ್ಯಾರು?

ಯಾಜಕಕಾಂಡ 19ರಲ್ಲೂ ನೆರೆಯವನನ್ನ ಪ್ರೀತಿಸುವ ಆಜ್ಞೆ, ಸರಿಯಾದ ತಕ್ಕಡಿಯ ಆಜ್ಞೆ ಎರಡೂ ಒಂದೇ ಅಧ್ಯಾಯದಲ್ಲಿವೆ, ಮನೆಗೆ ಹೋಗಿ ಓದಿ. ಸಂಡೇ ಸ್ಕೂಲ್ ಟೀಚರ್‌ಗಳು ಮುಂದಿನ ವಾರ ಒಂದೊಂದು ಡಬ್ಬಿ ಚಿಲ್ಲರೆ ತನ್ನಿ, ಮಕ್ಕಳಿಂದ ಅಂಗಡಿ ಇಡಿಸೋಣ. ಈ ವಾರ ಯಾರಿಗಾದರೂ ಹಿಂದಿರುಗಿಸಬೇಕಾದದ್ದು ನೆನಪಿಗೆ ಬಂದಿದ್ದರೆ, ಆ ಅಂಗಡಿಯ ಹೆಸರನ್ನ ಮನಸ್ಸಲ್ಲೇ ಇಟ್ಟುಕೊಂಡು ಎದ್ದು ನಿಲ್ಲಿ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.