ಬೆಂಚಿನಿಂದ ಎದ್ದು ಓಡಿದವನು

ನಮ್ಮವರು ಸೋಲುತ್ತಿರುವುದನ್ನು ಕಣ್ಣಾರೆ ಕಂಡೂ ಸುಮ್ಮನೆ ಕುಳಿತಿರುವುದು ಸರಿಯೇ? ಈ ಪ್ರಶ್ನೆಗೆ ಯುದ್ಧ ಕೊಡುವ ಉತ್ತರ ಒಂದು, ಆಟ ಕೊಡುವ ಉತ್ತರ ಇನ್ನೊಂದು. ಈ ಎರಡು ಉತ್ತರಗಳೂ ಒಂದೇ ಮೈದಾನದಲ್ಲಿ ಎದುರಾದ ಪ್ರಸಂಗವೊಂದು 1918ರಲ್ಲಿ ಅಮೆರಿಕದಲ್ಲಿ ನಡೆಯಿತು.

ಶಿಕಾಗೋ ನಗರದ ಉತ್ತರಕ್ಕೆ, ಮಿಶಿಗನ್ ಸರೋವರದ ದಡದಲ್ಲಿ ಗ್ರೇಟ್ ಲೇಕ್ಸ್ ಎಂಬ ನೌಕಾ ತರಬೇತಿ ಕೇಂದ್ರವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಯುವಕರು ನಾವಿಕರಾಗಲು ಅಲ್ಲಿಗೆ ಬಂದರು. ಆ ಕೇಂದ್ರಕ್ಕೆ ತನ್ನದೇ ಫುಟ್‌ಬಾಲ್ ತಂಡವಿತ್ತು. ಇದು ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಎದುರಾಳಿಗಳು ಕೆಡವಿ ತಡೆಯುವ ಅಮೆರಿಕದ ಆಟ. ಈ ತಂಡ ಆ ವರ್ಷ ಪ್ರಸಿದ್ಧ ಕಾಲೇಜುಗಳ ಎದುರು ಆಡಿತು.

ಸ್ಪರ್ಧೆ ಸಮಬಲದ್ದೇನೂ ಆಗಿರಲಿಲ್ಲ. ಕಾಲೇಜುಗಳ ಹಿರಿಯ ಆಟಗಾರರಲ್ಲಿ ಅನೇಕರು ಸೈನ್ಯ ಸೇರಿದ್ದರು. ನೌಕಾ ಕೇಂದ್ರದಲ್ಲಿದ್ದವರೋ ಪಳಗಿದ ಆಟಗಾರರು. ಮುಂದೆ ವೃತ್ತಿಪರ ಫುಟ್‌ಬಾಲಿನಲ್ಲಿ ದೊಡ್ಡ ಹೆಸರು ಗಳಿಸಿದ ಜಾರ್ಜ್ ಹಾಲಾಸ್, ಪ್ಯಾಡಿ ಡ್ರಿಸ್ಕಾಲ್ ಆ ತಂಡದಲ್ಲಿದ್ದರು. ಹಾಲಾಸ್ ತಾನು ಓದಿದ ಇಲಿನಾಯ್ ವಿಶ್ವವಿದ್ಯಾಲಯದ ಎದುರೇ ಆಡಿದರು. ನಾವಿಕರು 7–0ರಿಂದ ಗೆದ್ದರು. ನೋತ್ರ್ ಡೇಮ್ ಜೊತೆಗಿನ ಪಂದ್ಯ 7–7ರಲ್ಲಿ ಸಮವಾಯಿತು. ರಟ್ಗರ್ಸ್ ಕಾಲೇಜು 54–14ರಿಂದ ಸೋತಿತು. ಅಂದು ರಟ್ಗರ್ಸ್ ಪರವಾಗಿ ಆಡಿದವರಲ್ಲಿ ಮುಂದೆ ಗಾಯಕನಾಗಿ, ಜನಾಂಗೀಯ ಅನ್ಯಾಯದ ವಿರುದ್ಧದ ದನಿಯಾಗಿ ಜಗತ್ತಿಗೆ ಪರಿಚಿತನಾದ ಕಪ್ಪು ವಿದ್ಯಾರ್ಥಿ ಪಾಲ್ ರಾಬ್ಸನ್ ಕೂಡ ಇದ್ದ.

ಆದರೆ ಅದು ಆಡುವ ಕಾಲವಾಗಿತ್ತೇ? ಆ ಸೆಪ್ಟೆಂಬರ್‌ನಲ್ಲಿ ಇನ್‌ಫ್ಲುಯೆಂಜಾ ಗ್ರೇಟ್ ಲೇಕ್ಸ್ ಕೇಂದ್ರಕ್ಕೆ ನುಗ್ಗಿ ನೂರಾರು ಯುವಕರನ್ನು ಬಲಿ ತೆಗೆದುಕೊಂಡಿತ್ತು. ಅದೇ ತಿಂಗಳ 23ರಂದು ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ ದೂರದ ಪ್ಯಾಲೆಸ್ಟೈನಿನ ಹೈಫಾದಲ್ಲಿ ಗುಂಡಿನ ಮಳೆಗೆ ಎದೆಯೊಡ್ಡಿತ್ತು. ಒಂದೆಡೆ ಸಾವು, ಇನ್ನೊಂದೆಡೆ ಚೆಂಡಾಟ. ಆಟದಿಂದ ಧೈರ್ಯ, ಶಿಸ್ತು, ಒಗ್ಗಟ್ಟು ಬೆಳೆಯುತ್ತವೆ, ಆಟ ಒಳ್ಳೆಯ ಸೈನಿಕರನ್ನು ರೂಪಿಸುತ್ತದೆ ಎಂದು ಇದಕ್ಕೆ ಸಮರ್ಥನೆ ಕೊಡುವುದುಂಟು. ಈ ಮಾತು ಅರ್ಧ ಮಾತ್ರ ನಿಜ ಎಂದು ನನಗನಿಸುತ್ತದೆ.

ಉಳಿದರ್ಧ ತಿಳಿಯಬೇಕಾದರೆ ಆ ವರ್ಷದ ನವೆಂಬರ್ 23ನ್ನು ನೋಡಬೇಕು. ಯುದ್ಧ ನಿಂತು ಹನ್ನೆರಡು ದಿನಗಳಾಗಿದ್ದವು. ಅನಾಪೊಲಿಸ್‌ನಲ್ಲಿ ಗ್ರೇಟ್ ಲೇಕ್ಸ್ ತಂಡ ನೌಕಾ ಅಕಾಡೆಮಿಯನ್ನು ಎದುರಿಸಿತು. ಎರಡೂ ಒಂದೇ ನೌಕಾಪಡೆಯ ತಂಡಗಳು. ಅಕಾಡೆಮಿ 6–0ರಿಂದ ಮುಂದಿತ್ತು. ಇನ್ನೊಮ್ಮೆ ಅಂಕ ಗಳಿಸುವ ಹಂತದಲ್ಲಿ ಅದರ ಆಟಗಾರನ ಕೈಯಿಂದ ಚೆಂಡು ಜಾರಿತು. ಗ್ರೇಟ್ ಲೇಕ್ಸ್‌ನ ಐಲ್ಸನ್ ಅದನ್ನು ಹಿಡಿದು ಎದುರು ದಿಕ್ಕಿಗೆ ಓಡತೊಡಗಿದ. ಮುಂದೆ ತಡೆಯುವವರು ಯಾರೂ ಇರಲಿಲ್ಲ. ಆಗ ಅಕಾಡೆಮಿಯ ಬೆಂಚಿನಲ್ಲಿ ಕುಳಿತಿದ್ದ ಬದಲಿ ಆಟಗಾರನೊಬ್ಬ ಎದ್ದು, ಮೈದಾನಕ್ಕೆ ನುಗ್ಗಿ, ಅವನನ್ನು ಕೆಡವಿಬಿಟ್ಟ! ಐಲ್ಸನ್ ಗೆರೆ ಮುಟ್ಟದಿದ್ದರೂ ಅಂಕ ಗ್ರೇಟ್ ಲೇಕ್ಸ್‌ಗೇ ಸಂದಿತು. ಪಂದ್ಯ 7–6ರಲ್ಲಿ ಮುಗಿಯಿತು.

ಆ ಹುಡುಗ ದುಷ್ಟನೇ? ಖಂಡಿತ ಅಲ್ಲ. ಕಂದಕದಲ್ಲಿ ಕುಳಿತ ಸೈನಿಕ ಅಪ್ಪಣೆಗೂ ಕಾಯದೆ ತನ್ನವರಿಗಾಗಿ ಹೀಗೆಯೇ ಧಾವಿಸಿದ್ದರೆ ಅವನ ಎದೆಗೆ ಪದಕ ಚುಚ್ಚುತ್ತಿದ್ದರು. ಯುದ್ಧದಲ್ಲಿ ಹೊಗಳಿಕೆ ತರುವ ಅದೇ ನಡತೆ ಆಟದಲ್ಲಿ ತಪ್ಪಾಯಿತು. ಏಕೆಂದರೆ ಎದುರಾಳಿಗೂ ಒಂದು ಹಕ್ಕಿದೆ, ಅದನ್ನು ಕಾಯುವುದು ನನ್ನದೇ ಕರ್ತವ್ಯ ಎಂಬ ಒಪ್ಪಂದದ ಮೇಲೆ ಆಟ ನಿಂತಿದೆ.

ರನ್ನನ ‘ಗದಾಯುದ್ಧ’ವನ್ನು ಬಲ್ಲ ನಮಗೆ ಇದು ಹೊಸತಲ್ಲ. ಭೀಮ ಕೌರವನ ತೊಡೆಗೆ ಹೊಡೆದದ್ದು ಗದಾಯುದ್ಧದ ನಿಯಮಕ್ಕೆ ವಿರುದ್ಧ. ಆದರೂ ದ್ರೌಪದಿಗಾದ ಅವಮಾನವನ್ನು, ಭೀಮನ ಪ್ರತಿಜ್ಞೆಯನ್ನು ನೆನೆದು ನಮ್ಮ ಮನಸ್ಸು ಆ ಏಟನ್ನು ಒಪ್ಪಿಕೊಳ್ಳುತ್ತದೆ. ಯುದ್ಧದಲ್ಲಿ ವೈರಿಯ ಹಳೆಯ ಪಾಪಗಳು ನಮ್ಮ ಇಂದಿನ ತಪ್ಪಿಗೆ ನೆಪವಾಗುತ್ತವೆ. ಆಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಹಾಗೆಂದು ಆಟವನ್ನು ಅತಿಯಾಗಿ ಹೊಗಳಬಾರದು. 1916ರಲ್ಲಿ ವಾಷಿಂಗ್ಟನ್ ಅಂಡ್ ಲೀ ಎಂಬ ದಕ್ಷಿಣದ ಕಾಲೇಜು ಕರಿಯನೊಂದಿಗೆ ಆಡುವುದಿಲ್ಲ ಎಂದಾಗ, ರಟ್ಗರ್ಸ್ ರಾಬ್ಸನ್‌ನನ್ನು ಆ ಪಂದ್ಯದಿಂದ ಹೊರಗಿಟ್ಟಿತ್ತು. ಆಟದ ಯಾವ ನಿಯಮವೂ ಅಂದು ಮುರಿಯಲಿಲ್ಲ, ನ್ಯಾಯ ಮಾತ್ರ ಮುರಿಯಿತು. ಎದ್ದು ಬರಬಾರದವನು ಬೆಂಚಿನಿಂದ ಎದ್ದು ಬಂದದ್ದು ಒಂದು ತಪ್ಪು. ಆಡಬೇಕಾದವನನ್ನು ಕೂರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಮೊದಲನೆಯದನ್ನು ಮೈದಾನದಲ್ಲೇ ಸರಿಪಡಿಸಲಾಯಿತು. ಎರಡನೆಯದಕ್ಕೆ ಯಾವ ಅಂಪೈರ್ ಕೂಡ ಸೀಟಿ ಊದಲಿಲ್ಲ. ಒಳಗೆ ಯಾರು ಬರಬಹುದು ಎಂಬುದನ್ನು ಮೈದಾನದ ಹೊರಗಿನ ಸಮಾಜ ತೀರ್ಮಾನಿಸುತ್ತಿತ್ತು.

ಗ್ರೇಟ್ ಲೇಕ್ಸ್ 1919ರ ಜನವರಿ 1ರಂದು ಪಸಡೀನಾದ ರೋಸ್ ಬೌಲ್ ಪಂದ್ಯವನ್ನೂ ಗೆದ್ದಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಗೆಲುವಲ್ಲ, ಪೂರ್ತಿಯಾಗದ ಆ ಓಟಕ್ಕೆ ಸಂದ ಅಂಕ. ಯುದ್ಧದ ಕಾಲದಲ್ಲೂ ಆಟ ಬೇಕು ಎನ್ನುವುದಾದರೆ, ಅದು ಸೈನಿಕರನ್ನು ತಯಾರಿಸುತ್ತದೆ ಎಂಬುದಕ್ಕಲ್ಲ. ಎದುರಿಗಿರುವವನಿಗೂ ಸಲ್ಲಬೇಕಾದದ್ದು ಒಂದಿದೆ ಎಂದು ಸೈನಿಕನಿಗೆ ನೆನಪಿಸುತ್ತದೆ ಎಂಬುದಕ್ಕೆ. ನಮ್ಮ ಮನೆ, ಊರು, ಜಾತಿ, ಸಮುದಾಯ, ಪಕ್ಷಗಳ ಜಗಳಗಳಲ್ಲೂ ನಾವು ಒಮ್ಮೆಯಾದರೂ ಆ ಬೆಂಚಿನ ಮೇಲೆ ಕುಳಿತಿರುತ್ತೇವೆ. ನಮ್ಮವರು ಸೋಲುತ್ತಿರುತ್ತಾರೆ, ಕಾಲು ತುಡಿಯುತ್ತಿರುತ್ತದೆ. ಎದ್ದು ಓಡುವ ಮೊದಲು, ಓಡುತ್ತಿರುವವನು ಆ ಅಂಕವನ್ನು ನ್ಯಾಯವಾಗಿ ಗಳಿಸಿದ್ದಾನೆಯೇ ಎಂದು ಕೇಳಿಕೊಳ್ಳುವಷ್ಟು ತಾಳ್ಮೆ ನಮಗಿದೆಯೇ?