ಕದ್ದ ಕರುವೂ ಕೊಂಡವನ ಅರಿವೂ

ಅಮೆರಿಕದ ಟೆಕ್ಸಸ್ ಸಂಸ್ಥಾನದ 254 ಕೌಂಟಿಗಳಲ್ಲಿ ಹಲವು ಇಂದಿಗೂ ಹುಲ್ಲುಗಾವಲಿನ ಸೀಮೆಗಳೇ. ಅಂಥ ಗ್ರಾಮಾಂತರ ಕೌಂಟಿಯ ನ್ಯಾಯಾಲಯದಲ್ಲಿ ಕಳವಿನ ಮಾಲಿನ ಮೊಕದ್ದಮೆಗಳು ಇತ್ಯರ್ಥವಾಗುವ ಬಗೆಯನ್ನು ವಿಚಾರಿಸಹೊರಟವನಿಗೆ ಮೊದಲು ಎದುರಾಗುವುದು ಶಾಸನದ ತಕ್ಕಡಿ. ಮಾಲು 100 ಡಾಲರಿಗೆ ಒಳಗಾದರೆ ಬರಿಯ ಜುಲ್ಮಾನೆ. 2,500 ಡಾಲರನ್ನು ಮುಟ್ಟಿದರೆ 180 ದಿನದಿಂದ 2 ವರ್ಷದ ಸೆರೆ. 30,000 ಡಾಲರಾದರೆ 2ರಿಂದ 10 ವರ್ಷ. ದನಕರುಗಳ ವಿಷಯದಲ್ಲಿ ಮಾತ್ರ ಈ ತಕ್ಕಡಿ ಬೇರೊಂದು ನಡೆ ನಡೆಯುತ್ತದೆ. ಪೇಟೆಯಲ್ಲಿ ಎಷ್ಟೇ ಅಗ್ಗವಾಗಿರಲಿ, ಕದ್ದದ್ದು ಒಂದು ಹೋರಿಗರುವಾದರೂ ಅದಕ್ಕೆ ವಿಧಿಸಬಹುದಾದ ಶಿಕ್ಷೆ ಆ 2ರಿಂದ 10 ವರ್ಷದ್ದೇ. ದನಗಳ್ಳರನ್ನು ಹಿಡಿಯಲೆಂದೇ 1877ರಲ್ಲಿ ಗ್ರಹಮ್ ಎಂಬ ಊರಿನಲ್ಲಿ ಸಂಘ ಕಟ್ಟಿಕೊಂಡು, ಕಾಸಿದ ಕಬ್ಬಿಣದ ಮುದ್ರೆಗಳನ್ನು ಕೌಂಟಿಯ ದಫ್ತರದಲ್ಲಿ ನೋಂದಾಯಿಸುತ್ತ ಬಂದ ಜನರ ರೋಷವು ಆ ವಿಶೇಷ ವಿಧಿಯಲ್ಲಿ ಇನ್ನೂ ಆರದೆ ಉಳಿದಿದೆಯೆಂದು ನನಗೆ ತೋರುತ್ತದೆ.

ಕದ್ದವನ ಮಾತಿರಲಿ, ಅವನ ಮನಸ್ಸಿನಲ್ಲಿ ಏನಿತ್ತೆಂಬುದು ಕೃತ್ಯದಲ್ಲಿಯೇ ವ್ಯಕ್ತವಾಗಿದೆ. ವಿಚಾರಕ್ಕೆ ತೊಡಕಾಗುವವನು ಅವನಿಂದ ಕೊಂಡವನು. ಸಂಜೆಗತ್ತಲಲ್ಲಿ ಟ್ರೇಲರೊಂದು ಬೇಲಿಯ ಬಳಿ ನಿಲ್ಲುತ್ತದೆ. ಒಳಗೆ ಮೂರು ಕರುಗಳು, ತೊಡೆಯ ಮೇಲೆ ಮುದ್ರೆಯಿದ್ದೂ ಇಲ್ಲದಂತೆ ರೋಮ ಬೆಳೆದಿದೆ. ಹರಾಜಿನ ದರದ ಅರ್ಧಕ್ಕೆ, ನಗದಾಗಿ, ರಸೀತಿಯಿಲ್ಲದೆ ವ್ಯಾಪಾರ ಮುಗಿಯುತ್ತದೆ. ಹರಾಜಿನ ಕಟ್ಟೆಗೆ ಹೋಗಿದ್ದರೆ ಅಲ್ಲಿ ಸಂಘದ ಪರೀಕ್ಷಕನು ಪ್ರತಿಯೊಂದು ಮುದ್ರೆಯನ್ನೂ ಬರೆದುಕೊಳ್ಳುತ್ತಿದ್ದನು. ಕೊಂಡವನು ‘ಇವು ಯಾರವು?’ ಎಂದು ಕೇಳಲಿಲ್ಲ. ಆ ಸಂಸ್ಥಾನದ ಶಾಸನವು ಇಂಥವನನ್ನು ಅಪರಾಧಿಯೆಂದು ಕರೆಯಬೇಕಾದರೆ ಮಾಲು ಕಳವಿನದೆಂಬುದು ಅವನಿಗೆ ತಿಳಿದೇ ಇರಬೇಕು. ತಿಳಿಯಬಹುದಾಗಿತ್ತು ಎಂದರೆ ಸಾಲದು. ನಮ್ಮ ಭಾರತೀಯ ದಂಡಸಂಹಿತೆಯ 411ನೆಯ ಕಲಮು ‘ಹಾಗೆ ನಂಬಲು ಕಾರಣವಿದ್ದರೂ’ ಸಾಕೆಂದು ಒಂದು ಹೆಜ್ಜೆ ಮುಂದೆ ಹೋಗಿತ್ತು. ಆದರೆ ಕೇಳದೆ ಬಿಟ್ಟವನಿಗೆ ತಿಳಿದಿತ್ತೇ, ತಿಳಿದಿರಲಿಲ್ಲವೇ? ಇದು ನ್ಯಾಯಶಾಸ್ತ್ರದ ಪ್ರಶ್ನೆಯಾಗುವುದಕ್ಕೆ ಮುಂಚೆಯೇ ಧರ್ಮದ ಪ್ರಶ್ನೆ.

ನಮ್ಮ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ತೊಡಕನ್ನು ಎದುರಿಸಿದವನೇ. ಸ್ಮೃತಿಕಾರನು ಕೊಂಡವನ ಅಂತರಂಗವನ್ನು ಬಗೆದು ನೋಡುವ ಗೋಜಿಗೆ ಹೋಗದೆ, ನಾಲ್ಕು ಬಾಹ್ಯ ಲಕ್ಷಣಗಳನ್ನು ಹೇಳುತ್ತಾನೆ: ಅಂಥ ವಸ್ತುವನ್ನು ಸಂಪಾದಿಸುವ ಉಪಾಯವೇ ಇಲ್ಲದವನಿಂದ, ಏಕಾಂತದಲ್ಲಿ, ಅಲ್ಪ ಮೌಲ್ಯಕ್ಕೆ, ಅವೇಳೆಯಲ್ಲಿ ಕೊಂಡವನು ಕಳ್ಳನೇ ಸರಿ. ಕಳ್ಳನ ಜತೆಗಾರನೆಂದಲ್ಲ, ಕಳ್ಳನೆಂದೇ. ಮೇಲೆ ಹೇಳಿದ ಟ್ರೇಲರಿನ ವ್ಯಾಪಾರಕ್ಕೆ ಈ ಲಕ್ಷಣಗಳನ್ನು ಹಚ್ಚಿ ನೋಡಿದರೆ ಒಂಬೈನೂರು ವರ್ಷಗಳ ಅಂತರವೂ ಎರಡು ಸಾಗರಗಳ ಅಂತರವೂ ಏನೂ ಅಲ್ಲವೆನ್ನಿಸುತ್ತದೆ.

ಈ ನಿಷ್ಠುರತೆಯು ಸರಿಯೆಂದೇ ನನ್ನ ಎಣಿಕೆ. ಅಜ್ಞಾನದಲ್ಲಿ ಎರಡು ಬಗೆಯುಂಟು: ಒಂದು ಮನುಷ್ಯನಿಗೆ ಒದಗಿಬಂದದ್ದು, ಇನ್ನೊಂದು ಅವನು ಯತ್ನಪೂರ್ವಕವಾಗಿ ಕಾಪಾಡಿಕೊಂಡದ್ದು. ಎತ್ತ ನೋಡಬಾರದೆಂಬುದನ್ನು ಅಷ್ಟು ನಿಖರವಾಗಿ ಬಲ್ಲವನಿಗೆ ಅಲ್ಲೇನಿದೆಯೆಂಬುದು ತಿಳಿಯದಿರುವುದು ಸಾಧ್ಯವೇ ಅಲ್ಲ. ಆದರೂ ಎದುರುಪಕ್ಷಕ್ಕೆ ಸಲ್ಲಬೇಕಾದ ಮಾತೊಂದಿದೆ. ಗ್ರಾಮಸಮಾಜದಲ್ಲಿ ವ್ಯಾಪಾರವೆಂಬುದು ಕೈಕುಲುಕಿನಲ್ಲಿ ಮುಗಿಯತಕ್ಕದ್ದು. ತಂದೆಯ ಕಾಲದಿಂದ ಬಲ್ಲ ನೆರೆಯವನನ್ನು ‘ಇದನ್ನು ಎಲ್ಲಿಂದ ತಂದೆ?’ ಎಂದು ಕೇಳುವುದು ಅವನ ಮನೆತನದ ಮಾನಕ್ಕೇ ಕೈಹಾಕಿದಂತೆ. ಆ ಸಂಕೋಚದಿಂದ ಕೇಳದೆ ಬಿಟ್ಟವನನ್ನೂ, ಲಾಭದಾಸೆಯಿಂದ ಕೇಳದೆ ಬಿಟ್ಟವನನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗದು. ಇಲ್ಲಿ ಮನುವಿನ ಒಂದು ವಿಧಿ ನೆರವಿಗೆ ಬರುತ್ತದೆ: ಗುಣದೋಷಗಳನ್ನು ಬಲ್ಲವನ ಕಳವಿನ ಪಾಪವು ಶೂದ್ರನಿಗೆ ಎಂಟು ಮಡಿ, ವೈಶ್ಯನಿಗೆ ಹದಿನಾರು, ಕ್ಷತ್ರಿಯನಿಗೆ ಮೂವತ್ತೆರಡು, ಬ್ರಾಹ್ಮಣನಿಗೆ ಅರುವತ್ತನಾಲ್ಕು ಅಥವಾ ಅದಕ್ಕೂ ಹೆಚ್ಚು. ಮಿಕ್ಕ ಅನೇಕ ಕಡೆ ಕೆಳಗಿನವನಿಗೇ ಕ್ರೂರ ದಂಡವನ್ನು ವಿಧಿಸುವ ಆ ಗ್ರಂಥದಲ್ಲಿ ಇದೊಂದು ಆಶ್ಚರ್ಯವೇ. ವರ್ಣಕ್ರಮವನ್ನು ಬದಿಗಿಟ್ಟರೆ ಉಳಿಯುವ ತತ್ತ್ವವು ಡಾಲರಿನ ತಕ್ಕಡಿಗಿಂತ ಸೂಕ್ಷ್ಮವಾದುದು. ತೂಗಬೇಕಾದದ್ದು ಕದ್ದ ವಸ್ತುವನ್ನಲ್ಲ, ಕೈಚಾಚಿದವನ ವಿವೇಕವನ್ನು.

ಆದರೆ ನ್ಯಾಯಾಲಯವು ತೂಗುತ್ತದೆಯೇ? ಅಮೆರಿಕದ ಸಂಸ್ಥಾನಗಳ ಶಿಕ್ಷಾನಿರ್ಣಯಗಳಲ್ಲಿ ನೂರಕ್ಕೆ ತೊಂಬತ್ತನಾಲ್ಕು ಆರೋಪಿಯ ಒಪ್ಪಿಗೆಯಿಂದಲೇ ಬಂದವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಮರಿಸಿತು. ಅಭಿಯೋಜಕನೂ ವಕೀಲನೂ ಮಾತಾಡಿಕೊಳ್ಳುತ್ತಾರೆ. ಆರೋಪವು ಒಂದು ಮೆಟ್ಟಿಲು ಇಳಿಯುತ್ತದೆ. ಮಾಲಿನ ಒಡೆಯನಿಗೆ ಕಂತುಕಂತಾಗಿ ಪರಿಹಾರವೂ ಕೆಲವು ವರ್ಷಗಳ ಮೇಲ್ವಿಚಾರಣೆಯೂ ಗೊತ್ತಾಗುತ್ತವೆ. ಆರೋಪಿಯು ತಪ್ಪನ್ನು ಒಪ್ಪಿಕೊಂಡರೂ ನ್ಯಾಯಾಧೀಶನು ‘ಅಪರಾಧಿ’ ಎಂದು ಘೋಷಿಸದೆ ತೀರ್ಪನ್ನು ಮುಂದಕ್ಕೆ ಹಾಕಿ, ಅವಧಿಯು ಸುಸೂತ್ರವಾಗಿ ಕಳೆದರೆ ಮೊಕದ್ದಮೆಯನ್ನೇ ವಜಾ ಮಾಡಬಹುದು. ಇಷ್ಟೂ ಬೇಡವಾದರೆ ‘ನಾನು ಪ್ರತಿವಾದಿಸುವುದಿಲ್ಲ’ ಎಂದಷ್ಟೇ ಹೇಳಿ, ಒಪ್ಪದೆಯೂ ಅಲ್ಲಗಳೆಯದೆಯೂ ಶಿಕ್ಷೆಯನ್ನು ಸ್ವೀಕರಿಸಬಹುದು. ಹತ್ತು ವರ್ಷದ ಸೆರೆಯ ಭಯದಿಂದ ಮನೆಯವರನ್ನು ಉಳಿಸಿಕೊಂಡ ಬಡವನಿಗೆ ಇದು ದೊಡ್ಡ ಉಪಕಾರವೆಂಬುದನ್ನು ನಾನು ಮರೆತಿಲ್ಲ. ಆದರೆ ತಿಳಿದಿತ್ತೇ ಇಲ್ಲವೇ ಎಂಬ ಪ್ರಶ್ನೆಯು ಕೇಳುವವರಿಲ್ಲದೆ ಕಡತದೊಳಗೆ ಸೇರಿಹೋಗುತ್ತದೆ.

ಆ ಕೌಂಟಿಯ ಜನರು ಭಾನುವಾರ ಓದುವ ಬೈಬಲ್ ಗ್ರಂಥವು ಇಷ್ಟಕ್ಕೆ ತೃಪ್ತವಾಗುವುದಿಲ್ಲ. ಕದ್ದ ಎತ್ತನ್ನು ಕೊಂದವನೋ ಮಾರಿದವನೋ ಒಂದಕ್ಕೆ ಐದನ್ನು ಕೊಡತಕ್ಕದ್ದು, ಜೀವಸಹಿತ ಅವನ ಬಳಿಯಲ್ಲೇ ಸಿಕ್ಕಿದರೆ ಎರಡನ್ನು ಎಂಬುದು ವಿಮೋಚನಕಾಂಡದ ವಿಧಿ. ಅರಣ್ಯಕಾಂಡವಾದರೋ ಮೂಲಕ್ಕೆ ಐದನೆಯ ಒಂದು ಪಾಲನ್ನು ಸೇರಿಸಿ ಹಿಂದಿರುಗಿಸುವಾಗ ಮಾಡಿದ ತಪ್ಪನ್ನು ಬಾಯಿಬಿಟ್ಟು ಅರಿಕೆ ಮಾಡಬೇಕೆನ್ನುತ್ತದೆ. ರಾಜದಂಡವನ್ನು ಅನುಭವಿಸಿದವನು ನಿರ್ಮಲನಾಗುವನೆಂದ ಮನುವೂ, ಪ್ರಾಯಶ್ಚಿತ್ತದ ಪ್ರಕರಣದಲ್ಲಿ, ಪಾಪವನ್ನು ಪ್ರಕಟಪಡಿಸುವುದನ್ನೂ ಅನುತಾಪವನ್ನೂ ತಪಸ್ಸಿಗಿಂತ ಮುಂಚೆ ಎಣಿಸಿದ್ದಾನೆ. ಎರಡು ಧರ್ಮಗಳೂ ಇಲ್ಲಿ ಒಮ್ಮತವಾಗಿವೆ: ಸಾಲ ತೀರಿಸುವುದು ಬೇರೆ, ದೋಷ ತೀರುವುದು ಬೇರೆ. ಕಂತಿನ ಹಣವು ಕರು ಕಳೆದುಕೊಂಡ ಒಡೆಯನಿಗೆ ಸೇರಿದರೂ, ತನ್ನ ಬೇಲಿಯಾಚೆಯ ನೆರೆಯವನಿಗೆ ಆ ಮುದ್ರೆ ಕಂಡಿತ್ತೇ ಎಂಬುದು ಅವನಿಗೆ ತಿಳಿಯುವುದಿಲ್ಲ.

ಇಂಥ ಅರಿಕೆಗೆ ನ್ಯಾಯಾಲಯದಲ್ಲಿ ಎಡೆಯೇ ಇಲ್ಲವೆಂದಲ್ಲ. ಗುರುತರ ಅಪರಾಧದಲ್ಲಿ ಪಂಚರಿಲ್ಲದೆ ಆರೋಪಿಯು ಒಪ್ಪಿಕೊಂಡ ಮಾತ್ರಕ್ಕೆ ಸಾಲದು, ಅದನ್ನು ಸಮರ್ಥಿಸುವ ಸಾಕ್ಷ್ಯವೂ ಕಡತದಲ್ಲಿರಬೇಕೆಂದು ಟೆಕ್ಸಸಿನ ದಂಡಪ್ರಕ್ರಿಯಾ ಸಂಹಿತೆಯೇ ವಿಧಿಸುತ್ತದೆ. ಯಾರಿಂದ, ಎಲ್ಲಿ, ಎಷ್ಟಕ್ಕೆ, ಯಾವ ಹೊತ್ತಿನಲ್ಲಿ ಎಂಬ ಯಾಜ್ಞವಲ್ಕ್ಯನ ನಾಲ್ಕು ಪ್ರಶ್ನೆಗಳನ್ನು ಒಡೆಯನ ಎದುರಿನಲ್ಲಿಯೇ ಕೇಳಿ ಉತ್ತರ ಪಡೆಯುವುದಕ್ಕೆ ಅದಕ್ಕಿಂತ ತಕ್ಕ ಸ್ಥಾನ ಬೇರೊಂದು ಬೇಕಿಲ್ಲ. ಸಾಮಾನ್ಯವಾಗಿ ಆ ಸ್ಥಾನವನ್ನು ತುಂಬುವುದು ಮೊದಲೇ ಅಚ್ಚಾಗಿರುವ ಒಂದು ಕಾಗದ, ಅದರ ಕೆಳಗೆ ಒಂದು ರುಜು.